ಸಂದೇಹವಿದ್ದಲ್ಲಿ ಸಂಪರ್ಕಿಸಿ

ಹಸಿರು ಡಬ್ಬಕ್ಕೆ ಅಲ್ಲ ಅನ್ನುವುದಂತೂ ಖಚಿತ. ಅದು ಕೊಳೆಯುವ ವಸ್ತುವಲ್ಲ. ನೀಲಿಗೆ ಹಾಕೋಣವೆಂದರೆ ಕಾಗದವೂ ಅಲ್ಲ, ಬಾಟಲಿಯೂ ಅಲ್ಲ. ಕೆಂಪು ಡಬ್ಬ ಬ್ಯಾಂಡೇಜು, ಔಷಧಿಗಳಿಗೆ. ಕಪ್ಪು ಡಬ್ಬ ತಂತಿ, ಬ್ಯಾಟರಿ, ಕೆಟ್ಟುಹೋದ ಮೌಸುಗಳಿಗೆ. ಕಚೇರಿಯ ಕಾರಿಡಾರಿನ ಗೋಡೆಯ ಮೇಲಿದ್ದ ಚಾರ್ಟನ್ನು ಅವನು ಮೂರನೆಯ ಸಲ ಮೇಲಿನಿಂದ ಕೆಳಗೆ ಓದಿದ. ಅರವತ್ತೆರಡು ವಸ್ತುಗಳ ಪಟ್ಟಿ. ಸವೆದ ರಬ್ಬರ್ ಸ್ಟಾಂಪಿಗೆ ಅಲ್ಲಿ ಜಾಗವಿತ್ತು, ಖಾಲಿಯಾದ ರೀಫಿಲ್ಲಿಗೆ ಜಾಗವಿತ್ತು. ಹಲ್ಲಿನ ಸೆಟ್ಟಿಗೆ ಇರಲಿಲ್ಲ. ಪಟ್ಟಿಯ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ಸಂದೇಹವಿದ್ದಲ್ಲಿ ನೋಡಲ್ ಅಧಿಕಾರಿಯನ್ನು ಸಂಪರ್ಕಿಸಿ.

ನೋಡಲ್ ಅಧಿಕಾರಿ ಅವನೇ.

ಪ್ಯಾಂಟಿನ ಎಡಜೇಬಿನಲ್ಲಿ, ಕರ್ಚೀಫಿನೊಳಗೆ, ಅಪ್ಪನ ಹಲ್ಲುಗಳು ತೊಡೆಗೆ ಒತ್ತುತ್ತಿದ್ದವು. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ. ನಡೆದರೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಬದುಕಿದ್ದಾಗ ಅಪ್ಪ ಅವನ ಜೊತೆ ಇಷ್ಟು ಮಾತಾಡಿದ್ದು ನೆನಪಿರಲಿಲ್ಲ.

ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಹೆಂಡತಿ ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದಳು.

"ರೀ, ಆ ಲೋಟದ ನೀರು ಯಾರು ಬದಲಾಯಿಸ್ತಿರೋದು?"

ಬಾಯಿ ತುಂಬ ಪೇಸ್ಟು ಇದ್ದದ್ದು ಅನುಕೂಲವಾಯಿತು.

"ಮಾವ ಹೋಗಿ ಮೂರು ವಾರ ಆಯ್ತು. ಹಲ್ಲಿಗೆ ಮಾತ್ರ ದಿನಾ ಹೊಸ ನೀರು."

"ವಾಸನೆ ಬರುತ್ತೆ ಅಂತ..."

"ಅದು ಆರು ಲೋಟದ ಸೆಟ್ಟು. ನಾನು ಐದರಲ್ಲಿ ಸಂಸಾರ ಮಾಡ್ತಿದೀನಿ. ನಾಳೆ ಅಕ್ಕ, ಭಾವ ಬರ್ತಾರೆ. ಬಾಯಿಲ್ಲದ ಹಲ್ಲು ನೋಡ್ಕೊಂಡು ಅವರು ಮುಖ ತೊಳೀಬೇಕಾ?"

"ಇವತ್ತು ಬಿಸಾಕ್ತೀನಿ."

"ಮೊನ್ನೇನೂ ಇದನ್ನೇ ಅಂದ್ರಿ. ಕಸ ಎಲ್ಲಿ ಹಾಕ್ಬೇಕು ಅಂತ ಊರಿಗೆಲ್ಲ ಪಾಠ ಹೇಳೋರು ನೀವು. ಸಂಜೆ ಫೋನ್ ಮಾಡ್ತೀನಿ. ಬಿಸಾಕಿದೆ ಅಂತ ನಿಮ್ಮ ಬಾಯಿಂದ ಕೇಳ್ಬೇಕು."

ಅವಳನ್ನು ಕಠಿಣಳೆನ್ನುವ ಹಾಗಿರಲಿಲ್ಲ. ಎರಡು ವರ್ಷ ಮಾವನಿಗೆ ಊಟವನ್ನು ಮೆತ್ತಗೆ ಮಾಡಿ ಕೊಟ್ಟವಳು, ರಾತ್ರಿ ಎದ್ದು ಮಗ್ಗುಲು ಬದಲಿಸಿದವಳು ಅವಳೇ. ದುಃಖವನ್ನೆಲ್ಲ ಬಳಸಿ ಮುಗಿಸಿದ್ದಳು. ಅವನದು ಪ್ಯಾಕೆಟ್ಟು ಒಡೆಯದೆ ಹಾಗೇ ಉಳಿದಿತ್ತು.

ಮನೆಯ ಬುಟ್ಟಿಗೇ ಹಾಕಬಹುದಿತ್ತು. ಆದರೆ ಕಸದ ಗಾಡಿಯವನು ಅವರ ಮನೆಯ ಬುಟ್ಟಿಯನ್ನು ಬೀದಿಯವರೆದುರು ತೆರೆದು, "ನೋಡಿ, ಸಾಹೇಬ್ರ ಮನೆ ಕಸ ಹೆಂಗಿದೆ, ನೋಡಿ ಕಲೀರಿ," ಅಂತ ಪ್ರದರ್ಶನಕ್ಕಿಡುತ್ತಿದ್ದ. ಆ ಏರ್ಪಾಡೂ ಅವನದೇ.

ಆರು ತಿಂಗಳ ಹಿಂದೆ ಆಯುಕ್ತರು ಅವನನ್ನು ಕರೆಸಿ, "ನೀವು ಫಿಲಾಸಫಿ ಎಂ.ಎ. ಅಲ್ವೇನ್ರೀ? ವಿಂಗಡಿಸೋದು ನಿಮಗೆ ಚೆನ್ನಾಗಿ ಬರುತ್ತೆ," ಅಂದು, ನಗರಸಭೆ ಕಚೇರಿಯ ಕಸ ತಗ್ಗಿಸುವ ಯೋಜನೆಯನ್ನು ತಲೆಗೆ ಕಟ್ಟಿದ್ದರು. ಅವನು ಶ್ರದ್ಧೆಯಿಂದಲೇ ಮಾಡಿದ. ಮೇಜಿನ ಕೆಳಗಿನ ಬುಟ್ಟಿಗಳನ್ನೆಲ್ಲ ತೆಗೆಸಿದ. ವಿಭಾಗಕ್ಕೆ ನಾಲ್ಕರಂತೆ ಬಣ್ಣದ ಡಬ್ಬ ಇಡಿಸಿದ. ಕಾಗದದ ಎರಡೂ ಬದಿ ಬಳಸಬೇಕೆಂದು ಸುತ್ತೋಲೆ ಬರೆದ. ಸುತ್ತೋಲೆ ಒಂದೇ ಬದಿಗೆ ಅಚ್ಚಾಗಿ ಬಂತು. ಇಷ್ಟಕ್ಕೇ ನಿಲ್ಲಬೇಕಿತ್ತು. ಪ್ರತಿ ಶುಕ್ರವಾರ ಸಂಜೆ ಎಲ್ಲ ವಿಭಾಗಗಳ ಕಸ ತೂಗಿ, ಅತಿ ಕಡಿಮೆ ತೂಗಿದವರಿಗೆ ಒಂದು ಶೀಲ್ಡು ಕೊಡೋಣ ಎಂದೂ ಸೂಚಿಸಿಬಿಟ್ಟ.

ಮೊದಲ ವಾರ ಇಪ್ಪತ್ತೆಂಟು ಕೆ.ಜಿ. ಎರಡನೆಯ ವಾರ ಹತ್ತೊಂಬತ್ತು. ಮೂರು ತಿಂಗಳಲ್ಲಿ ಸೊನ್ನೆ.

ಜನ ಕಸ ಮಾಡುವುದನ್ನು ಬಿಡಲಿಲ್ಲ, ಡಬ್ಬಕ್ಕೆ ಹಾಕುವುದನ್ನು ಬಿಟ್ಟರು. ಬೆಳಿಗ್ಗೆ ಚಪ್ಪಟೆಯಾಗಿ ಬಂದ ಬ್ಯಾಗುಗಳು ಸಂಜೆ ಹೊಟ್ಟೆ ಉಬ್ಬಿಸಿಕೊಂಡು ಮನೆಗೆ ಹೋಗತೊಡಗಿದವು. ಟಪಾಲು ವಿಭಾಗದ ಹೆಂಗಸು ಹರಿದ ಲಕೋಟೆಗಳನ್ನು ಊಟದ ಡಬ್ಬಿಗೆ ಅಮುಕಿ ತುಂಬುವುದನ್ನು ಅವನು ಕಣ್ಣಾರೆ ಕಂಡ. ಮರುದಿನ ಬೆಳಿಗ್ಗೆ ಅದೇ ಲಕೋಟೆಗಳನ್ನು ಅವಳ ಮನೆ ಬಾಗಿಲಿಂದ ನಗರಸಭೆಯ ಗಾಡಿಯೇ ಎತ್ತಿಕೊಂಡು ಬರುತ್ತಿತ್ತು. ವರದಿಯಲ್ಲಿ ಅವನು 'ಸಿಬ್ಬಂದಿಯ ವರ್ತನೆಯಲ್ಲಿ ಗಮನಾರ್ಹ ಬದಲಾವಣೆ' ಎಂದು ಬರೆದ. ಅದು ಸುಳ್ಳೇನೂ ಆಗಿರಲಿಲ್ಲ.

ಇವತ್ತು ಶುಕ್ರವಾರ. ಸತತ ಹನ್ನೆರಡನೆಯ ಸೊನ್ನೆ. ಅದನ್ನು ನೋಡಲು ಖುದ್ದು ಆಯುಕ್ತರೇ ಬರುವವರಿದ್ದರು.

ಅವನು ತನ್ನ ಮೇಜಿಗೆ ಬಂದು ಕೂತ. ಬುಟ್ಟಿ ಇದ್ದ ಜಾಗಕ್ಕೆ ಕಾಲು ತಾನಾಗಿ ಹೋಯಿತು, ಏನೂ ಸಿಗದೆ ವಾಪಸು ಬಂತು. ಕೂತಾಗ ಹಲ್ಲುಗಳು ಇನ್ನೂ ಜೋರಾಗಿ ಒತ್ತಿದವು. ಆಸ್ಪತ್ರೆಯಲ್ಲೂ ಅವು ಇದೇ ಜೇಬಿನಲ್ಲಿದ್ದವು.

ಅವತ್ತು ನರ್ಸು ಅಪ್ಪನ ಬಾಯಿಂದ ಹಲ್ಲು ತೆಗೆದು, "ಇಟ್ಕೊಂಡಿರಿ, ಕೇಳಿದಾಗ ಕೊಡಿ," ಅಂದಿದ್ದಳು. ಹಲ್ಲು ಹೋದ ಮೇಲೆ ಮುಖ ಒಳಕ್ಕೆ ಕುಸಿದು ಅಪ್ಪ ಬೇರೆ ಯಾರೋ ಆಗಿಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಅವನನ್ನು ಗುರುತಿಸಿದ. ಅಂಗೈ ಮೇಲೆ ಮಾಡಿ ಕೈ ಚಾಚಿ, ಬೆರಳು ಆಡಿಸಿದ. ಕೊಡು. ಅದರಲ್ಲಿ ಅರ್ಥವಾಗದಂಥದ್ದೇನೂ ಇರಲಿಲ್ಲ. ಹಲ್ಲಿಲ್ಲದೆ ಅಪ್ಪ ಯಾರೆದುರೂ ಬಾಯಿ ತೆರೆದವನಲ್ಲ. ಹಲ್ಲು ಕೇಳಿದನೆಂದರೆ ಏನೋ ಹೇಳುವುದಿತ್ತು. ಮಗನಿಗೆ ನಲವತ್ತು ವರ್ಷವಾದ ಮೇಲೆ, ಮೊದಲ ಸಲ.

ಆಗ ಫೋನು ಬಂತು. ಡಬ್ಬ ಪೂರೈಸುವವನು. ಯೋಜನೆ ಗೆದ್ದಿತ್ತಲ್ಲ, ಉಪಕಚೇರಿಗಳಿಗೂ ಡಬ್ಬ ಬೇಕಾಗಿದ್ದವು.

"ಸಾರ್, ನೀಲಿ ಅಂದ್ರೆ ಯಾವ ನೀಲಿ? ಆಕಾಶದ್ದಾ, ಇಂಕಿಂದಾ?"

"ಒಂದ್ನಿಮಿಷ ಅಪ್ಪ," ಅಂದು ಅವನು ಹೊರಗೆ ಹೋದ. ನೀಲಿಯ ಬಗ್ಗೆ ಇಪ್ಪತ್ತು ನಿಮಿಷ ವಾದ ಮಾಡಿದ. ಆಕಾಶದ ನೀಲಿ ಬೇಗ ಕೊಳೆಯಾಗುತ್ತದೆ, ಇಂಕಿನದೇ ಆಗಬೇಕು. ಕೊನೆಗೆ ಗೆದ್ದ. ಒಳಗೆ ಬಂದಾಗ ಕೈ ಹಾಗೇ ಚಾಚಿಕೊಂಡಿತ್ತು. ಅಪ್ಪ ಇರಲಿಲ್ಲ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ, "ನೆಮ್ಮದಿಯಾಗಿ ಹೋದ್ರು," ಅನ್ನುತ್ತಿದ್ದ. ಅವರೂ, "ಪುಣ್ಯ ಮಾಡಿದ್ರು," ಅನ್ನುತ್ತಿದ್ದರು.

ಮಧ್ಯಾಹ್ನ ಮೂರೂವರೆಗೆ ಅವನು ಎದ್ದ. ಕೆಂಪು ಡಬ್ಬ ಎಂದು ತೀರ್ಮಾನಿಸಿಯಾಗಿತ್ತು. ಎಷ್ಟಾದರೂ ಎಂಜಲು ತಗುಲಿದ ವಸ್ತು. ಆದರೆ ತನ್ನ ವಿಭಾಗದ ಡಬ್ಬಕ್ಕೆ ಹಾಕಿದರೆ ವಿಭಾಗದ ತೂಕ ಏರುತ್ತದೆ. ಈ ಯೋಚನೆ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ನಾಚಿಕೊಳ್ಳುತ್ತಲೇ ಜನನ-ಮರಣ ವಿಭಾಗದ ಕಡೆ ನಡೆದ.

ಅಲ್ಲಿನ ಬಕ್ಕತಲೆಯ ಗುಮಾಸ್ತ ಅವನಿಗೆ 'ಕಸದ ಸಾಹೇಬ್ರು' ಎಂದು ನಾಮಕರಣ ಮಾಡಿದವನು. ಕಂಪ್ಯೂಟರಿನ ಮೇಲಿಂದ ಕತ್ತೆತ್ತಿದ.

"ಏನ್ ಕಸದ ಸಾಹೇಬ್ರೇ, ನಮ್ಮ ಡಬ್ಬದ ಮೇಲೆ ಕಣ್ಣು ಬಿತ್ತು?"

"ಚೆಕ್ಕಿಂಗು."

"ಮಾಡಿ, ಮಾಡಿ. ಎಲ್ಲಾ ಖಾಲಿ. ನಮ್ಮಲ್ಲಿ ಹುಟ್ಟೋದು, ಸಾಯೋದು ಎಲ್ಲಾ ಆನ್‌ಲೈನು. ಯಾರೂ ಏನೂ ಬಿಟ್ಟು ಹೋಗಲ್ಲ."

"ಹೂಂ."

"ನಿಮ್ಮಪ್ಪಂದು ಸರ್ಟಿಫಿಕೇಟು ಬಂತಾ?"

"ಬಂತು."

"ಹೆಸರು ಗಿಸರು ಸರಿ ಇದ್ಯಾ?"

"ಇದೆ."

"ಮತ್ತಿನ್ನೇನು," ಅಂದು ಗುಮಾಸ್ತ ಕಂಪ್ಯೂಟರಿಗೆ ತಿರುಗಿದ.

ಅವನು ಕೆಂಪು ಡಬ್ಬದ ಮುಚ್ಚಳ ಎತ್ತಿ, ಕರ್ಚೀಫಿನ ಸಮೇತ ಹಲ್ಲುಗಳನ್ನು ಒಳಗೆ ಇಳಿಸಿದ. ಡಬ್ಬದ ತಳದಲ್ಲಿ ಟಕ್ ಎಂದಿತು. ಮುಚ್ಚಳ ಮುಚ್ಚಿದ. ಕ್ಯಾಂಟೀನಿಗೆ ಹೋಗಿ ಟೀ ಕುಡಿದ. ಏನೂ ಅನಿಸಲಿಲ್ಲ. ಏನೂ ಅನಿಸುತ್ತಿಲ್ಲವಲ್ಲ ಎಂದು ಇನ್ನೊಂದು ಟೀ ಕುಡಿದ. ತೊಡೆಯ ಮೇಲೆ, ಜೇಬಿನ ಜಾಗದಲ್ಲಿ, ಒತ್ತುತ್ತಿರುವುದು ಮಾತ್ರ ನಿಂತಿರಲಿಲ್ಲ.

ಐದು ಗಂಟೆಗೆ ಎಲ್ಲರೂ ಮೆಟ್ಟಿಲ ಕೆಳಗಿನ ತೂಕದ ಮೆಷೀನಿನ ಸುತ್ತ ಸೇರಿದರು. ಅದು ಗೋದಾಮಿನಿಂದ ತಂದದ್ದು, ಮೂಟೆ ತೂಗುವಂಥದ್ದು. ಐವತ್ತು ಗ್ರಾಮಿನ ಒಳಗಿನದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಅವನು ಫೋನಿನ ಸದ್ದು ಅಡಗಿಸಿ ಆಯುಕ್ತರ ಪಕ್ಕ ನಿಂತ. ಕಚೇರಿ ಗುಡಿಸುವ ಹೆಂಗಸು, ಮೆಷೀನು ಅವಳ ಸುಪರ್ದಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ತೂಕದಮ್ಮ, ಒಂದೊಂದೇ ವಿಭಾಗದ ಡಬ್ಬಗಳನ್ನು ಸ್ಟೀಲಿನ ತಟ್ಟೆಯ ಮೇಲೆ ತಲೆಕೆಳಗು ಮಾಡಿ ಕೊಡವುತ್ತಿದ್ದಳು. ಏನೂ ಬೀಳುತ್ತಿರಲಿಲ್ಲ.

"ಕಂದಾಯ, ಸೊನ್ನೆ!"

ಚಪ್ಪಾಳೆ.

"ಟಪಾಲು, ಸೊನ್ನೆ!"

ಚಪ್ಪಾಳೆ. ಟಪಾಲಿನ ಹೆಂಗಸು ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು.

ಜನನ-ಮರಣದ ಕೆಂಪು ಡಬ್ಬ ಎತ್ತಿದಾಗ ಒಳಗೆ ಏನೋ ಉರುಳಿತು. ತೂಕದಮ್ಮ ಗೋಡೆಯ ಕಡೆ ತಿರುಗಿ ಕೈ ಹಾಕಿದಳು. ಕೈ ಸ್ವಲ್ಪ ಹೊತ್ತು ಒಳಗೇ ನಿಂತಿತು. ಹೊರಗೆ ಬಂದಾಗ ಅದರಲ್ಲಿ ಹಲ್ಲುಗಳಿದ್ದವು. ಬರೀ ಹಲ್ಲು.

"ಏನ್ರೀ ಅದು?" ಆಯುಕ್ತರು ಕನ್ನಡಕ ಸರಿಮಾಡಿಕೊಂಡರು.

"ಸಾರ್, ನಮ್ದಲ್ಲ!" ಬಕ್ಕತಲೆಯವನು ಕೂಗಿದ. "ಯಾರೋ ಬೇಕಂತ ತಂದು ಹಾಕಿದಾರೆ. ನಮ್ಮ ವಿಭಾಗದಲ್ಲಿ ಎಲ್ರಿಗೂ ಹಲ್ಲಿದೆ ಸಾರ್. ತೋರ್ಸ್ರೋ!"

ಜನನ-ಮರಣದ ಐದೂ ಜನ ಹಲ್ಲು ಕಿರಿದು ನಿಂತರು. ಉಳಿದವರೂ ಮುಚ್ಚಿದ ಬಾಯೊಳಗೆ ನಾಲಿಗೆ ಆಡಿಸಿ ತಮ್ಮದನ್ನು ಖಾತರಿ ಮಾಡಿಕೊಳ್ಳುತ್ತಿದ್ದದ್ದು ಕೆನ್ನೆಗಳಲ್ಲಿ ಕಾಣುತ್ತಿತ್ತು.

ಆಯುಕ್ತರು ಅವನ ಕಡೆ ತಿರುಗಿದರು. "ಏನಪ್ಪ ನೋಡಲ್ ಅಧಿಕಾರಿ, ಏನು ಇದು?"

"ಅಕ್ರಿಲಿಕ್ ಸರ್. ಮರುಬಳಕೆ ಆಗಲ್ಲ."

"ಅದಿರಲಿ. ಯಾರದ್ದು?"

ಇಡೀ ಕಚೇರಿ ಅವನನ್ನು ನೋಡುತ್ತಿತ್ತು. ಒಂದೇ ಶಬ್ದ ಹೇಳಿದರೆ ಸಾಕಿತ್ತು. ಬಾಯಲ್ಲಿ ಮೂವತ್ತೆರಡು ಹಲ್ಲುಗಳಿದ್ದವು, ಯಾವುದೂ ಅಲುಗಾಡುತ್ತಿರಲಿಲ್ಲ.

"ಗೊತ್ತಿಲ್ಲ ಸರ್," ಅಂದ.

"ತೂಗಿಬಿಡಮ್ಮ ಅತ್ತ."

ತೂಕದಮ್ಮ ಹಲ್ಲುಗಳನ್ನು ತಟ್ಟೆಯ ಮೇಲಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಕೆಂಪು ಅಂಕಿ ಒಮ್ಮೆ ಮಿನುಗಿ ಅಲ್ಲೇ ನಿಂತಿತು.

"ಸೊನ್ನೆ," ಅಂದಳು ತೂಕದಮ್ಮ. ಈ ಸಲ ಕೂಗಲಿಲ್ಲ.

"ಮತ್ತೆ!" ಆಯುಕ್ತರು ನಕ್ಕರು. "ತೂಕಾನೇ ಇಲ್ಲದ್ದು ಕಸ ಹೇಗಾಗುತ್ತೆ ರೀ? ಸೊನ್ನೆ ಅಂದ್ರೆ ಸೊನ್ನೆ."

ಚಪ್ಪಾಳೆ ಬಿತ್ತು. ಬಕ್ಕತಲೆಯವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವನೂ ತಟ್ಟಿದ. ಮೆಷೀನಿನ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. "ಸ್ವಲ್ಪ ನಗ್ರಿ," ಅಂದ ಫೋಟೋ ತೆಗೆಯುವವನು. ಅಷ್ಟಾದ ಮೇಲೆ ಬಾಯಿ ತೆರೆಯಲು ಎಲ್ಲರಿಗೂ ಸಂಕೋಚ. ತುಟಿ ಬಿಗಿಹಿಡಿದೇ ನಿಂತರು. ಫೋಟೋದಲ್ಲಿ ಹಲ್ಲು ಬಿಟ್ಟು ನಕ್ಕದ್ದು ಅಪ್ಪನೊಬ್ಬನೇ.

ಆರು ಗಂಟೆಗೆ ಉಬ್ಬಿದ ಬ್ಯಾಗುಗಳು ಸಾಲಾಗಿ ಗೇಟು ದಾಟಿದವು. ಅವನು ಮೆಷೀನಿನ ಎದುರು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ. ತೂಕದಮ್ಮ ಹಲ್ಲುಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋದಳು. ತೊಳೆದುಕೊಂಡು ಬಂದು ಅವನ ಮುಂದೆ ಹಿಡಿದಳು.

"ತಗೊಳಿ ಸಾರ್."

"ನನಗ್ಯಾಕೆ?"

"ಚಾರ್ಟಲ್ಲಿ ನೀವೇ ಬರ್ಸಿದೀರಲ್ಲ. ಸಂದೇಹ ಬಂದ್ರೆ ನಿಮ್ಮ ಹತ್ರ ತರ್ಬೇಕು ಅಂತ."

ಸೊಂಟದಿಂದ ಇನ್ನೊಂದು ಕೈ ಏನನ್ನೋ ತೆಗೆಯಿತು. ನೀಲಿ ಚೌಕಳಿಯ ಕರ್ಚೀಫು, ನಾಲ್ಕು ಮಡಿಕೆ. ದಿನಾ ಅವನು ಕನ್ನಡಕ ಒರೆಸಿಕೊಳ್ಳುವುದು.

"ಒಗೆದು ಇಟ್ಕೊಳಿ," ಅಂದಳು.

"ಆ ಹಲ್ಲು ನಮ್ಮ..."

"ನಂಗೆ ಬಸ್ಸಿದೆ ಸಾರ್."

ಅವಳು ಹೋದಳು. ಇಡೀ ಕಚೇರಿಯಲ್ಲಿ ಕೈ ಬೀಸಿಕೊಂಡು ಮನೆಗೆ ಹೋದವಳು ಅವಳೊಬ್ಬಳೇ.

ಅವನು ಹಲ್ಲುಗಳನ್ನು ಮತ್ತೆ ತಟ್ಟೆಯ ಮೇಲಿಟ್ಟ. ಕೆಳಗಿನ ಸಾಲಿನ ಮೇಲೆ ಮೇಲಿನ ಸಾಲು, ಬಾಯಲ್ಲಿ ಇರುವ ಹಾಗೆ. ಸೊನ್ನೆ. ಗಂಟೆ ನೋಡಲು ಫೋನು ತೆಗೆದ, ನೋಡಿ ಅದನ್ನೂ ಪಕ್ಕದಲ್ಲಿಟ್ಟ. ಅಂಕಿ ಬದಲಾಯಿತು. ಇನ್ನೂರು ಗ್ರಾಂ. ಫೋನಿಗೆ ತೂಕವಿತ್ತು.

ಆಗಲೇ ಅದು ನಡುಗತೊಡಗಿತು. ಪರದೆಯ ಮೇಲೆ 'ಮನೆ' ಎಂದಿತ್ತು. ಬಿಸಾಕಿದೆ ಅಂತ ಅವನ ಬಾಯಿಂದ ಕೇಳಬೇಕಾದವಳು. ಅವನು ಕೈ ಮುಂದೆ ಮಾಡಿದ, ಅಲ್ಲೇ ತಡೆದ.

ಸ್ಟೀಲಿನ ತಟ್ಟೆ ಗುಂಯ್‌ಗುಟ್ಟುತ್ತಿತ್ತು. ಅದರ ಮೇಲೆ ಹಲ್ಲುಗಳು ಅದುರುತ್ತಿದ್ದವು. ಟಕ ಟಕ, ಟಕಟಕಟಕ, ಮೇಲಿನ ಸಾಲು ಕೆಳಗಿನ ಸಾಲಿಗೆ ಬಡಿಯುತ್ತ, ಬಹಳ ದಿನ ತಡೆದಿಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವವರ ಅವಸರದಲ್ಲಿ. ಕೆಂಪು ಅಂಕಿಗಳು ಯಾವುದಕ್ಕೂ ನಿಲ್ಲದೆ ಕುಣಿಯುತ್ತಿದ್ದವು. ಅವನು ಮೆಟ್ಟಿಲಿಂದ ಇಳಿದು ಮಂಡಿಯೂರಿ, ತಟ್ಟೆಯ ಹತ್ತಿರ ಕಿವಿ ತಂದ.

ಫೋನು ನಿಂತಿತು. ಹಲ್ಲುಗಳು ಅರ್ಧ ತೆರೆದು ನಿಂತವು. ಇನ್ನೂರು ಗ್ರಾಂ.

ಅವನು ಕಿವಿಯನ್ನು ಅಲ್ಲಿಂದ ತೆಗೆಯಲಿಲ್ಲ. ಅವಳು ಇನ್ನೊಂದು ಸಲ ಮಾಡಲಿ ಎಂದು ಕಾಯುತ್ತ, ಹಾಗೇ ಬಗ್ಗಿಕೊಂಡಿದ್ದ.