ಎರಡನೇ ಪ್ರತಿವಾದಿ ಗೈರುಹಾಜರು

ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಸುಮನ್ ಒಂದು ಕೈಯಲ್ಲಿ ಚಪಾತಿ ತಿರುವುತ್ತ, ಇನ್ನೊಂದರಲ್ಲಿ ಮೊಬೈಲು ಹಿಡಿದು ನ್ಯಾಯಾಲಯದ ಜಾಲತಾಣದೊಡನೆ ಗುದ್ದಾಡುತ್ತಿದ್ದಳು. ಖಾನಾಪುರದ ತವರಿನ ಹೊಲದಲ್ಲಿ ತನ್ನ ಪಾಲೆಲ್ಲಿ ಎಂದು ಕೇಳಿದಾಗಲೆಲ್ಲ ಅಣ್ಣ ಮಾರ್ತಾಂಡ, “ಕಾಕಾನ ಜೋಡಿ ಕೇಸ್ ನಡದೈತಿ, ಮುಗೀಲಿ ತಡಿ” ಅನ್ನುತ್ತಿದ್ದ. ಕೇಸಿನ ನಂಬರು ಮಾತ್ರ ನೆನಪಿಲ್ಲವಂತೆ! ಹೊಲದ ಒಂದೊಂದು ಬದುವೂ ಬಾಯಿಪಾಠವಿರುವ ಮನುಷ್ಯನಿಗೆ!

ಬೆಳಗಾವಿ ನ್ಯಾಯಾಲಯದಲ್ಲಿ ಹುಡುಕಿದಳು, ಇಲ್ಲ. ಹೊಲ ಇರುವ ತಾಲೂಕಿನಲ್ಲೇ ದಾವೆ ಇರುತ್ತದೆಂದು ತಿಳಿದು ಖಾನಾಪುರ ಒತ್ತಿದಳು. ಅಲ್ಲಿಯೂ ಅವಳ ಹೆಸರಿನಲ್ಲಿ ಏನೂ ಇಲ್ಲ. ಅಣ್ಣನ ಹೆಸರು ಹಾಕಿದರೆ ತಾಲೂಕಿನ ಮಾರ್ತಾಂಡರೆಲ್ಲ ಸಾಲುಗಟ್ಟಿದರು.

“ಆಯಿ, ನಿನ್ನ ಮೊದಲಿನ ಹೆಸರು ಹಾಕಿ ನೋಡಬಾರದೇನ?” ಎಂದಳು ಮಗಳು ಸಾನಿಕಾ.

ಸುಮನ್‌ಗೆ ತನ್ನ ಮೇಲೆಯೇ ಸಿಟ್ಟು ಬಂತು. ಮದುವೆಯ ದಿನ ಹೆಸರು ಬದಲಿಸುವ ಶಾಸ್ತ್ರದಲ್ಲಿ ಗಂಡ ತಟ್ಟೆಯ ಅಕ್ಕಿಯಲ್ಲಿ ಬೆರಳಿನಿಂದ ‘ಸುಮನ್’ ಎಂದು ಬರೆದಿದ್ದ. ಹುಟ್ಟಿನಿಂದ ಇದ್ದ ಮುಗ್ಧಾ ಅಂದೇ ಇಲ್ಲವಾದಳು. ಹುಡುಗಿಯ ಹೆಸರು ಒರೆಸಿಹಾಕಿ ಅದಕ್ಕೇ ಆರತಿ ಎತ್ತುವ ನಮ್ಮ ಬುದ್ಧಿಗೆ ಏನನ್ನಬೇಕು!

‘ಮುಗ್ಧಾ’ ಎಂದು ಹಾಕಿದೊಡನೆ ದಾವೆ ತೆರೆದುಕೊಂಡಿತು. ವಾದಿ ಕಾಕಾ ಗಜಾನನ, ಅಪ್ಪನ ತಮ್ಮ. ಮೊದಲ ಪ್ರತಿವಾದಿ ಮಾರ್ತಾಂಡ. ಎರಡನೆಯವಳು ಇವಳು, ವಿಳಾಸ ತವರುಮನೆ. ಇವಳ ನೋಟಿಸು ಪಡೆದವನು ಅಣ್ಣ. ‘ಎರಡನೇ ಪ್ರತಿವಾದಿ ಗೈರುಹಾಜರು, ಏಕಪಕ್ಷೀಯ’. ಅಂದರೆ ಇವಳ ಮಾತು ಕೇಳದೆಯೇ ಕೇಸು ಮುಂದೆ ಸಾಗುತ್ತದೆ. ನಾಳೆ ಕಾಕಾ ಮತ್ತು ಅಣ್ಣನ ರಾಜಿ. ಅದು ದಾಖಲಾದರೆ ಹೊಲ ಅವರಿಬ್ಬರದೇ.

ಫೋನಿನಲ್ಲಿ ಮಾರ್ತಾಂಡ ನಾಚಲೂ ಇಲ್ಲ. “ಮುಗ್ಧಾ ನಮ್ಮ ಮನಿಯಾಕಿ ಇದ್ದಳು, ಖರೇ. ನೀ ಈಗ ಸುಮನ್. ಹೆಸರ ಬಿಟ್ಟಾಕಿಗೆ ಹೊಲ ಯಾಕ?”

“ಹಂಗಾರ ಮುಗ್ಧಾನ ನೋಟಿಸು ನೀ ಯಾಕ ತಗೊಂಡಿ?”

“ಮಂದಿ ನಗ್ತಾರ. ಹೆಣ್ಮಕ್ಕಳು ಕೋರ್ಟಿನ ಕಟ್ಟಿ ಹತ್ತಬಾರದು.”

“ನೀ ನನ್ನ ಯಾವಾಗೋ ಹತ್ತಿಸಿಬಿಟ್ಟಿ ಅಣ್ಣಾ, ನನಗ ಹೇಳದ!”

ಮರುದಿನ ಖಾನಾಪುರದಲ್ಲಿ ರಾಜಿಪತ್ರ ಕೈಗೆತ್ತಿಕೊಳ್ಳುತ್ತಿದ್ದಂತೆ ಅವಳು ಅರ್ಜಿ ಹಿಡಿದು ಎದ್ದು ನಿಂತಳು. “ತಡೀರಿ ಸಾಹೇಬ್ರ, ಎರಡನೇ ಪ್ರತಿವಾದಿ ನಾನು. ನನಗ ನೋಟಿಸು ಮುಟ್ಟೇ ಇಲ್ಲ.”

“ಗುರುತಿನ ಚೀಟಿಯಲ್ಲಿ ಸುಮನ್ ಎಂದಿದೆಯಲ್ಲ?” ಎಂದರು ನ್ಯಾಯಾಧೀಶರು.

“ಅದು ಮದುವ್ಯಾಗ ಇಟ್ಟ ಹೆಸರ್ರಿ. ಸಾಲಿ ದಾಖಲೆ ತಂದೀನಿ. ಬೇಕಾದ್ರ ಮೊದಲನೇ ಪ್ರತಿವಾದಿ ಅಲ್ಲೇ ನಿಂತಾನಲ್ಲ, ಅವನ್ನ ಕೇಳ್ರಿ.”

ನ್ಯಾಯಾಧೀಶರು ಮಾರ್ತಾಂಡನತ್ತ ತಿರುಗಿದರು. “ಇವರು ಯಾರು?”

ಮಾರ್ತಾಂಡ ವಕೀಲರ ಮುಖ ನೋಡಿದ. ವಕೀಲರು ಕಡತ ನೋಡಿದರು.

“ನನ್ನ ತಂಗಿ ರೀ,” ಎಂದ ಕೊನೆಗೆ. “ಮುಗ್ಧಾ.”

ಅಂದು ರಾಜಿ ದಾಖಲಾಗಲಿಲ್ಲ.