ಅಕ್ಕನಿಗೆ ಹೇಳಿದ ಸಿನಿಮಾ

ಡ್ರಾಯಿಂಗ್ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಸಿನಿಮಾ ನೋಡಿದವರೇ ಅಲ್ಲ. ಅದಕ್ಕೆ ಕಾರಣ ಅವರ ಅಕ್ಕ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು ಅವಳು ತಮ್ಮನ ಮನೆಗೆ ಬಂದಾಗಿನಿಂದ, ಭಾನುವಾರ ಮಧ್ಯಾಹ್ನ ಇಬ್ಬರೂ ಟಿವಿಯ ಮುಂದೆ ಒಂದೇ ಸೋಫಾದಲ್ಲಿ ಕೂರುವುದು, ಮಾತಿಲ್ಲದ ದೃಶ್ಯಗಳನ್ನೆಲ್ಲ ಮೇಷ್ಟ್ರು ಬಾಯಲ್ಲಿ ಹೇಳುವುದು ರೂಢಿಯಾಗಿತ್ತು.

"ಹುಡುಗಿ ಮೆಟ್ಟಿಲ ಮೇಲೆ ಕೂತಿದಾಳೆ ಅಕ್ಕ. ಶಾಲು ನಿನ್ನ ಹಳೇ ಛತ್ರಿ ಬಣ್ಣ. ಅಳ್ತಿಲ್ಲ, ಆದ್ರೆ ತುಟಿ ಕಚ್ಕೊಂಡಿದಾಳೆ..." ಅಷ್ಟು ಹೇಳುವಷ್ಟರಲ್ಲಿ ಅವರ ಗಂಟಲು ಕಟ್ಟುತ್ತಿತ್ತು. ಅಕ್ಕ ಗೋಳು ಹೊಯ್ದುಕೊಳ್ಳುತ್ತಿದ್ದಳು: "ಅತ್ತಿದ್ದು ಸಾಕು ಪುಟ್ಟ, ಮುಂದೇನಾಯ್ತು ಹೇಳು!" ಪುಟ್ಟನ ತಲೆಯಲ್ಲಿ ಆಗಲೇ ಕಪ್ಪು ಕೂದಲನ್ನು ಹುಡುಕಬೇಕಿತ್ತು.

ನಿವೃತ್ತರಾದ ಮೇಲೆ ಮೇಷ್ಟ್ರಿಗೆ ವೇದಾಂತದ ಹುಚ್ಚು ಹಿಡಿಯಿತು. ಜಗತ್ತೆಲ್ಲ ತೋರಿಕೆ, ನೀನು ಬರೀ ಸಾಕ್ಷಿ ಎಂಬ ಮಾತು ಪುಸ್ತಕದಲ್ಲಿ ಎಲ್ಲಿ ಕಂಡರೂ ಕೆಂಪು ಪೆನ್ಸಿಲ್ಲಿನ ಗೆರೆ ಬೀಳುತ್ತಿತ್ತು. ಸಿನಿಮಾ ನೋಡುತ್ತಲೇ ಇದನ್ನು ಅಭ್ಯಾಸ ಮಾಡಬಹುದಲ್ಲ ಎಂದು ಹೊಳೆದಾಗ ಅವರಿಗೆ ಎಲ್ಲಿಲ್ಲದ ಖುಷಿ. ಗಂಟಲು ಕಟ್ಟುವ ಸೂಚನೆ ಕಂಡರೆ ದೀರ್ಘ ಉಸಿರೆಳೆದು, ಇದು ಬರೀ ಬೆಳಕು ಎಂದುಕೊಂಡರಾಯಿತು. ಸೋಫಾ ಬಿಟ್ಟೇಳದೆ ತಪಸ್ಸು ಯಾರಿಗುಂಟು ಯಾರಿಗಿಲ್ಲ!

ಹೀಗಿರುವಾಗ ಒಂದು ಭಾನುವಾರ, ಹಡಗಿನ ಅಡುಗೆಯವನೊಬ್ಬ ಎಷ್ಟೋ ವರ್ಷಗಳ ಮೇಲೆ ಮನೆಗೆ ಮರಳುವ ಸಿನಿಮಾ ಬಂತು. ತಂಗಿ ಬಾಗಿಲು ತೆರೆಯುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಟಿವಿಯಿಂದ ಬರುತ್ತಿದ್ದುದು ಗಾಳಿಯ ಸದ್ದೊಂದೇ.

"ಗುರುತು ಹಿಡಿದ್ಲಾ? ಅವಳ ಮುಖ ಹೇಗಿದೆ ಪುಟ್ಟ?"

"ಮುಖದಲ್ಲೇನಿದೆ ಅಕ್ಕ, ಬರೀ ನಾಮರೂಪ. ಇವತ್ತಿರುತ್ತೆ, ನಾಳೆ ಹೋಗುತ್ತೆ. ಅದಕ್ಕೆಲ್ಲ ಅಂಟ್ಕೋಬಾರದು."

ಅಕ್ಕ "ಹೌದಾ" ಎಂದು ಎದ್ದು, ಗೋಡೆ ಸವರುತ್ತ ತನ್ನ ಕೋಣೆಗೆ ಹೋದಳು. ಮೇಷ್ಟ್ರು ಸಿನಿಮಾ ಪೂರ್ತಿ ನೋಡಿದರು. ಕಣ್ಣು ಒದ್ದೆಯಾಗಲಿಲ್ಲ. ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಮುಂದಿನ ವಾರದಿಂದ ಅಕ್ಕ ಸಿನಿಮಾಕ್ಕೆ ಮೇಲಿನ ಮನೆಯ ನರ್ಸಮ್ಮನ ಹತ್ತಿರ ಹೋಗತೊಡಗಿದಳು. ನರ್ಸಮ್ಮನಿಗೆ ಕಥೆಯ ತಲೆಬುಡ ಗೊತ್ತಾಗುತ್ತಿರಲಿಲ್ಲ. "ಅಯ್ಯೋ, ಸತ್ತೇ ಹೋದ್ನಲ್ಲಮ್ಮ! ಅಲ್ಲ ಅಲ್ಲ, ಸತ್ತಿದ್ದು ಅವನ ಭಾವ" ಎಂದು ಆಕೆ ಮೂಗು ಸೀಟುವುದು, ಅಕ್ಕ ಬಿದ್ದು ಬಿದ್ದು ನಗುವುದು ಕೆಳಗಿನವರೆಗೂ ಕೇಳುತ್ತಿತ್ತು. ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ಸಾಕ್ಷಿಗೆ ಹೊಟ್ಟೆ ಎಲ್ಲಿಂದ ಬಂತೋ!

ಸಮಾಧಾನಕ್ಕೆಂದು ಪುಸ್ತಕ ತೆರೆದರು. ಎರಡು ಕೆಂಪು ಗೆರೆಗಳ ನಡುವೆ, ಇನ್ನೊಬ್ಬರ ನೋವನ್ನು ತನ್ನದೆಂದೇ ಕಾಣಬೇಕು ಎಂಬ ಮಾತೂ ಇತ್ತು. ಅದರ ಕೆಳಗೆ ಗೆರೆ ಇರಲಿಲ್ಲ. ತನಗೆ ಬೇಕಾದಷ್ಟನ್ನೇ ಓದಿಕೊಂಡೆನಲ್ಲ ಎಂದು ಅವರು ನಾಚಿಕೆಯಿಂದ ಕುಗ್ಗಿಹೋದರು. ಅಕ್ಕನಿಗೆ ಉಳಿದಿದ್ದ ಕಣ್ಣು ಅವರ ಬಾಯೊಂದೇ. ಅದನ್ನೂ ಮುಚ್ಚಿಬಿಟ್ಟಿದ್ದರು.

ಅದೇ ಸಿನಿಮಾವನ್ನು ಹುಡುಕಿ ಹಾಕಿ ಅಕ್ಕನನ್ನು ಕರೆದರು. ಅವಳು ಬಂದು ತನ್ನ ಜಾಗದಲ್ಲಿ ಕೂತಳು.

"ತಂಗಿ ಬಾಗಿಲು ತೆಗೆದ್ಲು ಅಕ್ಕ. ಕೈಯಲ್ಲಿ ನೆಲ ಒರೆಸೋ ಬಟ್ಟೆ, ನೀರು ತೊಟ್ಟಿಕ್ತಾ ಇದೆ. ಗುರುತು ಹಿಡಿದಿದಾಳೆ, ಆದ್ರೆ ನಗೋಕೆ ಧೈರ್ಯ ಸಾಲ್ತಿಲ್ಲ. ಕೆಳತುಟಿ ನಡುಗ್ತಿದೆ..."

ಆ ಮುಖದ ಒಂದು ಸುಕ್ಕನ್ನೂ ಬಿಡದೆ ಹೇಳಿದರು. ಗಂಟಲು ಕಟ್ಟಲೆಂದು ಕಾದರು. ಕಟ್ಟಲಿಲ್ಲ. ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತು ಹೇಳುವವರ ಹಾಗೆ ಅವರ ದನಿ ಎಲ್ಲೂ ಎಡವದೆ ಸಾಗಿತು. ಅಷ್ಟು ಕಷ್ಟಪಟ್ಟು ಕಲಿತದ್ದು ಈಗ ಬೇಡವೆಂದರೂ ಬಿಡುತ್ತಿರಲಿಲ್ಲ.

ಅಕ್ಕ ಅವರ ಕಡೆಗೇ ಕಿವಿಗೊಟ್ಟು ಕೊನೆಯವರೆಗೂ ಕಾದಳು. ಆಮೇಲೆ ಅವರ ಕೈಯನ್ನು ಹುಡುಕಿ ಮೆಲ್ಲಗೆ ತಟ್ಟಿದಳು.

"ತುಂಬ ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ" ಎಂದಳು.

ಪುಟ್ಟ ಹುಟ್ಟಿದಾಗಿನಿಂದ ಅವಳು ಹಾಗೆ ಕರೆದದ್ದೇ ಇರಲಿಲ್ಲ.