ಹದಿನೆಂಟನೆಯ ನಿಮಿಷ

ಅರವತ್ತೆಂಟು, ಅರವತ್ತೊಂಬತ್ತು, ಫ್ಯಾನಿನ ಸದ್ದು ಒಂದು ಮೆಟ್ಟಿಲು ಮೇಲೇರಿತು, ಎಪ್ಪತ್ತು ಡಿಗ್ರಿ, ಪರೀಕ್ಷೆಗೆ ಇನ್ನೂ ನಾಲ್ಕನೆಯ ನಿಮಿಷ, ಗುಯ್‌ಫೆನ್ ಫ್ಯಾನಿನ ಕೆಳಗಿನ ಲೋಹದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು, ಅಂಕಿ ಪರದೆಯ ಮೇಲೆ ಕಾಣುತ್ತಲೇ ಇದೆ, ಆದರೂ ಕೈಗೊಂದು ಕೆಲಸ ಬೇಕಲ್ಲ, ಪ್ರೊಸೆಸರಿನ ಹನ್ನೆರಡು ಕೋರ್‌ಗಳ ಹನ್ನೆರಡು ಹಸಿರು ಪಟ್ಟಿಗಳು ತುಂಬಿ ನಿಂತಿವೆ, ಏಳನೆಯದೂ ನಿಂತಿದೆ, ಅದನ್ನೇ ದಿಟ್ಟಿಸಬಾರದು, ದಿಟ್ಟಿಸಿದರೆ ಬೀಳುತ್ತದೆಯೇ ಏನು, ಮೇಜಿನ ಆಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆ ಹೆಂಗಸು, ಶಾವೊ, ಡೊಂಗ್‌ಗ್ವಾನ್‌ನಿಂದ ಬೆಳಗಿನ ರೈಲಿಗೆ ಬಂದವಳು, ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಬದುಕುವವಳು, ಈ ಪ್ರೊಸೆಸರನ್ನು ಹಬ್ಬದ ಸಿಹಿಯ ಹಳೇ ತಗಡಿನ ಡಬ್ಬಿಯಲ್ಲಿ ಮಗುವಿನಂತೆ ಸುತ್ತಿ ತಂದವಳು, ಬಾಯಿ ನಿಲ್ಲಿಸುವ ಹಾಗೆ ಕಾಣುವುದಿಲ್ಲ, ಹದಿನೈದು ನಿಮಿಷ ಇಪ್ಪತ್ತು ನಿಮಿಷ ಓಡುತ್ತೆ ಕಣಮ್ಮ, ಮದುಮಗಳು ಅತ್ತೆಗೆ ಟೀ ಕೊಡೋಕೆ ಮಂಡಿ ಊರ್ತಾಳೆ, ಪಟ್ ಅಂತ ನೀಲಿ ಪರದೆ, ಮತ್ತೆ ಶುರು ಮಾಡಿದ್ರೆ ಮತ್ತೆ ಮಂಡಿ ಊರ್ತಾಳೆ, ಹನ್ನೊಂದು ಸಲ ಮಂಡಿ ಊರ್ಸಿದೀನಿ ಆ ಹುಡುಗಿ ಕೈಲಿ, ಅತ್ತೆ ಒಂದು ಸಲಾನೂ ಟೀ ಕುಡೀಲಿಲ್ಲ, ಕೊನೆಗೆ ಮದುವೆ ಮನೆಯವರು ಬಂದು ಎಲ್ಲಾ ವಾಪಸ್ ಇಸ್ಕೊಂಡು ಹೋಗಿ ಇನ್ನೊಬ್ರಿಗೆ ಕೊಟ್ಟರು. ಅತ್ತೆ ಕುಡೀದಿದ್ರೆ ಹೋಗ್ಲಿ ಚೆಲುವೆ, ನೀನಾದ್ರೂ ಕುಡಿ, ಎಂದ ಅಂಗಡಿಯ ಯಜಮಾನ ಓಯಾಂಗ್, ಮೂರು ಪುಟ್ಟ ಬಟ್ಟಲುಗಳ ಮೇಲೆ ಕೆಟಲನ್ನು ಸುತ್ತ ತಿರುಗಿಸುತ್ತ, ಒಂದು ಹನಿ ಆಚೀಚೆ ಬೀಳದ ಹಾಗೆ. ಐವತ್ತಾರು ದಾಟಿದೋಳ್ನ ಚೆಲುವೆ ಅಂತೀಯಲ್ಲ ಯಜಮಾನ, ಈ ಬಜಾರಲ್ಲಿ ಹಾಗಂದಾಗಲೆಲ್ಲ ನನ್ನ ಜೇಬು ಹಗುರ ಆಗುತ್ತೆ, ಎಂದಳು ಶಾವೊ, ನಕ್ಕಳು, ಬಟ್ಟಲು ಎತ್ತಿದಳು, ಆಮೇಲೆ ದನಿ ತಗ್ಗಿಸಿ ಗುಯ್‌ಫೆನ್ ಕಡೆ ಬಾಗಿ, ಅಲ್ಲಮ್ಮ, ನಿಮ್ಮಲ್ಲಿ ಯಾರೋ ಆಫೆನ್ ಅಂತ ಇದ್ದಾಳಂತಲ್ಲ, ಕೆಂಪು ಚುಕ್ಕೆಯವಳು, ಮೊಬೈಲ್ ಗ್ರೂಪಲ್ಲಿ ಎಲ್ರೂ ಹೇಳ್ತಾರೆ ಚುಕ್ಕೆ ನೋಡಿ ತಗೊಳ್ಳಿ ಅಂತ, ಚುಕ್ಕೆ ನೋಡೇ ತಗೊಂಡೆ, ಅವಳು ನಿಜವಾಗ್ಲೂ ಇದ್ದಾಳಾ, ಇಲ್ಲಾ ಅದೂ ಬರೀ ಒಂದು ಸ್ಟಿಕ್ಕರಾ. ಗುಯ್‌ಫೆನ್ ಎಪ್ಪತ್ತೊಂದು ಎಂದು ಓದಿದಳು, ಓಯಾಂಗ್ ಕೆಟಲಿನ ಮುಚ್ಚಳ ಸರಿಮಾಡಿದ.

ಆರನೆಯ ನಿಮಿಷ. ಇದೆ, ಆ ಚುಕ್ಕೆ ಇದೆ, ಬೋರ್ಡಿಗೆ ಕೂರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿದ್ದಾಳೆ, ಲೋಹದ ಮುಚ್ಚಳದ ಮೂಲೆಯಲ್ಲಿ, ತಾನು ಇಡುವ ಜಾಗದಲ್ಲೇ, ತನ್ನದೇ ಉಗುರುಬಣ್ಣ, ಬೇರೆ ಅಂಗಡಿಯವನು ಕದ್ದು ಹಾಕಿದ್ದಲ್ಲ ಎನ್ನಲು ಅಷ್ಟು ಸಾಕು, ಏಕೆಂದರೆ ಆ ಬಣ್ಣಕ್ಕೆ ಅವಳು ಇನ್ನೊಂದು ಬಣ್ಣ ಬೆರೆಸುತ್ತಾಳೆ, ಕಡ್ಡಿಯಿಂದ ಕಲಸಿದ ಆ ಒಂದೇ ಬಾಟಲಿ ಈ ಮೇಜಿನ ಡ್ರಾಯರಿನಲ್ಲಿ ಇರುತ್ತದೆ, ಡ್ರಾಯರಿಗೆ ಬೀಗವಿಲ್ಲ, ಏಳು ವರ್ಷದಲ್ಲಿ ಬೀಗ ಬೇಕು ಅನ್ನಿಸಿರಲಿಲ್ಲ. ಎಲ್ಲೋ ದೂರದ ದೇಶದ ಸರ್ವರ್‌ಗಳಿಂದ ಬಿಚ್ಚಿದ ಪ್ರೊಸೆಸರ್‌ಗಳು ಚೀಲದಲ್ಲಿ ಬಂದು ಬೀಳುತ್ತವೆ, ಪರದೇಶದ ಕಸ ಎಂದೇ ಇಲ್ಲಿ ಹೆಸರು, ತಯಾರಿಸಿದವರು ಅವುಗಳ ವೇಗಕ್ಕೆ ಹಗ್ಗ ಕಟ್ಟಿರುತ್ತಾರೆ, ಎರಡು ಕೋರ್ ಓಡಲಿ, ಉಳಿದವು ನಡೆಯಲಿ ಎಂದು, ಗುಯ್‌ಫೆನ್ ಅವನ್ನು ಮನೆಯ ಕಂಪ್ಯೂಟರಿನ ಬೋರ್ಡಿಗೆ ಕೂರಿಸಿ, ಬೋರ್ಡಿನೊಳಗಿನ ಪ್ರೋಗ್ರಾಮಿನ ಬರಹ ತಿದ್ದಿ, ಹಗ್ಗ ಬಿಚ್ಚುತ್ತಾಳೆ, ಹನ್ನೆರಡೂ ಓಡಬೇಕು, ಜೊತೆಗೆ ವೋಲ್ಟೇಜು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸಬೇಕು, ಇಲ್ಲದಿದ್ದರೆ ಬಿಸಿಗೆ ಉಸಿರುಗಟ್ಟುತ್ತದೆ, ಇಳಿಸಿದಾಗಲೂ ತಪ್ಪಿಲ್ಲದೆ ಒಂದು ಹಗಲು ಒಂದು ಇರುಳು ಓಡಿದರೆ ಅದು ಹದ್ದು, ನಡುವೆ ಮುಗ್ಗರಿಸಿದರೆ ಸಿಡಿಲು, ಹದ್ದಿಗೆ ಚುಕ್ಕೆ, ಸಿಡಿಲಿಗೆ ಕೆಳಗಿನ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆ ತುಂಬಿದರೆ ಕರಗಿಸಿ ಚಿನ್ನ ತೆಗೆಯುವವರ ಪಾಲು. ಹದ್ದುಗಳೆಲ್ಲ ಒಂದೇ ಥರ, ಸಿಡಿಲುಗಳಿಗೆ ಮಾತ್ರ ಒಂದೊಂದಕ್ಕೆ ಒಂದೊಂದು ಚಾಳಿ. ಚಿಂಗ್‌ಮಿಂಗ್ ಹಬ್ಬದ ಹಿಂದಿನ ದಿನ, ಊರಿಗೆ ಹೋಗುವ ಟಿಕೆಟ್ ಜೇಬಿನಲ್ಲಿತ್ತು, ಹೆಚಿಯ ಗುಡ್ಡದಲ್ಲಿ ಅಮ್ಮನ ಸಮಾಧಿ ಗುಡಿಸಬೇಕಿತ್ತು, ಆಗ ಒಂದು ಸಿಡಿಲು ಸಿಕ್ಕಿತ್ತು, ಏಳನೆಯ ಕೋರು, ಹದಿನೆಂಟನೆಯ ನಿಮಿಷ, ಪರೀಕ್ಷೆಯ ಲೆಕ್ಕಗಳು ದೊಡ್ಡವಾಗುವ ಹೊತ್ತು, ನಂಬದೆ ಎರಡನೆಯ ಸಲ ಓಡಿಸಿದಳು, ಮತ್ತೆ ಏಳು, ಮತ್ತೆ ಹದಿನೆಂಟು, ಮೂರನೆಯ ಸಲವೂ, ಎಂಥ ಶಿಸ್ತಿನ ಸಿಡಿಲು ಎಂದು ನಕ್ಕು ಪೆಟ್ಟಿಗೆಗೆ ಎಸೆದಿದ್ದಳು. ಎಸೆದಿದ್ದಳೇ, ಇಲ್ಲ ಅವಸರದಲ್ಲಿ ಈ ಕೈ ಚುಕ್ಕೆ ಇಟ್ಟಿತೇ, ಬಸ್ಸಿಗೆ ತಡವಾಗಿತ್ತು, ಇಟ್ಟಿರಬಹುದು, ಬಲಗೈಯಲ್ಲಿ ಇದು ಎಡಗೈಯಲ್ಲಿ ಅದು, ಕೈ ತಪ್ಪಿರಬಹುದು, ದೇವರೇ ಅದೇ ಆಗಿರಲಿ, ತಪ್ಪು ನನ್ನದೇ ಆಗಿರಲಿ, ಇಲ್ಲಾ ಇದು ಬೇರೆಯೇ ಪ್ರೊಸೆಸರ್ ಆಗಿರಲಿ, ಹತ್ತನೆಯ ನಿಮಿಷಕ್ಕೆ ಬೀಳಲಿ, ಮೂರನೆಯ ಕೋರು ಬೀಳಲಿ, ಇವಳ ಕಾಲು ಹಿಡಿದು ಬೇರೆ ಕೊಟ್ಟು ಕಳಿಸುತ್ತೇನೆ, ಎಪ್ಪತ್ಮೂರು ಡಿಗ್ರಿ, ಒಂಬತ್ತು ಕಳೆಯಿತು, ಹತ್ತು ಕಳೆಯಿತು, ಯಾವುದೂ ಬೀಳುವುದಿಲ್ಲ, ಬೀಳಲಿ ಎಂದು ಬೇಡಿಕೊಳ್ಳುವುದು ಈ ಕಸುಬಿನಲ್ಲಿ ಇದೇ ಮೊದಲು.

ಹನ್ನೊಂದು. ಓಯಾಂಗ್ ಶಾವೊಳಿಗೆ ತನ್ನ ಹೆಂಡತಿಯ ಕಥೆ ಹೇಳುತ್ತಿದ್ದಾನೆ, ಗೊರಕೆ ಹೊಡೆಯುವಾಗ ಥೇಟ್ ಈ ಫ್ಯಾನೇ ಕಣೇ, ನಾಲ್ಕು ತಂತಿಯ ಫ್ಯಾನು, ಬಿಸಿ ಏರಿದಷ್ಟೂ ಜೋರು, ಶಾವೊ ತೊಡೆ ತಟ್ಟಿ ನಗುತ್ತಾಳೆ, ಗುಯ್‌ಫೆನ್‌ಗೂ ನಗು ಬರುವ ಮಾತೇ, ನೂರು ಸಲ ಕೇಳಿದ್ದರೂ ಬರುತ್ತಿತ್ತು, ಆ ದನಿಯಲ್ಲೇ ಅವನು ಅವಳಿಗೆ ಎಲ್ಲ ಕಲಿಸಿದ್ದು, ಬೋರ್ಡ್ ಫ್ಯಾಕ್ಟರಿಯ ಸಾಲಿನಲ್ಲಿ ನಿಂತು ದಿನಕ್ಕೆ ಆರುನೂರು ಬೋರ್ಡ್‌ಗಳಿಗೆ ಪರೀಕ್ಷೆಯ ಸೂಜಿ ಚುಚ್ಚುತ್ತಿದ್ದವಳನ್ನು ನೋಡಿ, ಈ ಹುಡುಗಿಯ ಕೈ ಕೇಳಿಸಿಕೊಳ್ಳುತ್ತೆ ಎಂದು ಕರೆತಂದವನು, ಹುಟ್ಟಿದೂರು ಶಾಂಟೌ ಬಿಟ್ಟು ಬಂದು ಮೂವತ್ತು ವರ್ಷವಾದರೂ ಅಲ್ಲಿಯವರಂತೆ ದಿನಕ್ಕೆ ಇಪ್ಪತ್ತು ಸಲ ಟೀ ಬಸಿಯುವವನು, ಶೀಫು ಎಂದು ಕರೆದಾಗ, ಗುರುವೂ ಅಲ್ಲ ಮಣ್ಣೂ ಅಲ್ಲ ಕಸದ ವ್ಯಾಪಾರಿ ಎಂದು ಬೈದು ಒಳಗೊಳಗೇ ಹಿಗ್ಗಿದವನು, ಅವಳ ಗಂಡ ಸಾಮಾನು ಕಟ್ಟಿಕೊಂಡು ಬಿಟ್ಟುಹೋದ ವಾರ ಒಂದು ಮಾತೂ ಕೇಳದೆ ಮಧ್ಯಾಹ್ನ ಮಧ್ಯಾಹ್ನ ಹುರಿದ ಬಾತುಕೋಳಿಯ ತೊಡೆ ಅವಳ ಅನ್ನದ ಮೇಲೆ ಇಟ್ಟವನು, ತಾನು ಚರ್ಮ ಮಾತ್ರ ತಿಂದವನು. ಮೊದಲ ವರ್ಷ ಒಮ್ಮೆ ಗಿರಾಕಿ ಗದ್ದಲ ಮಾಡಿದನೆಂದು ಅವಳು ನಡುವೆ ಪರೀಕ್ಷೆ ನಿಲ್ಲಿಸಲು ಕೈ ಚಾಚಿದಾಗ ಆ ಕೈಗೆ ಚಟೀರೆಂದು ಹೊಡೆದಿದ್ದ, ಓಡ್ತಿರೋದನ್ನ ಮುಟ್ಟಬೇಡ, ಬೆಂಕಿ ಬಿದ್ದರೂ ಮುಟ್ಟಬೇಡ, ಗಿರಾಕಿ ಹೋದ್ರೆ ಇನ್ನೊಬ್ಬ ಬರ್ತಾನೆ, ಅರ್ಧ ಓಡಿದ ಪರೀಕ್ಷೆಯಿಂದ ಬರೋದು ಬರೀ ಅನುಮಾನ, ಹೊಡೆದ ಜಾಗ ಸಂಜೆವರೆಗೂ ಕೆಂಪಗಿತ್ತು, ಆಮೇಲೆ ಅವಳು ಎಂದೂ ಮುಟ್ಟಲಿಲ್ಲ, ಕರೆಂಟು ಹೋಗಿ ನಿಂತದ್ದನ್ನೂ ಮೊದಲಿನಿಂದ ಓಡಿಸಿದವಳು. ಹದಿಮೂರು, ಹದಿನಾಲ್ಕು, ಓಯಾಂಗ್ ಈಗ ಪರದೆ ನೋಡುತ್ತಿದ್ದಾನೆ, ಕಥೆ ಅರ್ಧಕ್ಕೆ ನಿಂತಿದೆ, ಹೆಂಡತಿ ಗೊರಕೆಯಲ್ಲೇ ಉಳಿದಿದ್ದಾಳೆ, ಆಮೇಲೇನಾಯ್ತು ಎಂದಳು ಶಾವೊ, ಅವನಿಗೆ ಕೇಳಿಸಲಿಲ್ಲ, ಅವನು ಎದ್ದ, ಹಣೆಯ ಮೇಲೆ ಬೆವರು, ಏಸಿ ಅವನ ನೆತ್ತಿಗೇ ಬೀಸುತ್ತಿದೆ, ಸಾಕು ಬಿಡು, ಎಂದ, ಯಾಕೆ ಸುಮ್ನೆ ಚೆಲುವೆಯ ಹೊತ್ತು ಹಾಳು ಮಾಡೋದು, ಪಾಪ ದೂರದಿಂದ ಬಂದವಳು, ಹೊಸದೊಂದು ಕೊಟ್ಟು ಕಳಿಸೋಣ, ನಿಲ್ಸು ಆಫೆನ್. ಎಂದವನು ಅವಳು ಅಲುಗಲಿಲ್ಲವೆಂದು ತಾನೇ ಸ್ವಿಚ್ಚಿನ ಕಡೆ ಕೈ ಚಾಚಿದ. ಅವಳ ಕೈ ಅವನ ಕೈಯ ಮೇಲೆ ಬಿತ್ತು, ಚಟೀರ್ ಎಂದಿತು, ಹೊಡೆಯಬೇಕೆಂದು ಹೊಡೆದದ್ದಲ್ಲ, ಕಲಿತ ಕೈ, ಕಲಿಸಿದ ಹಾಗೆ ಮಾಡಿತು. ಶಾವೊ ಬಟ್ಟಲು ಕೆಳಗಿಟ್ಟಳು, ಆಫೆನ್ ಅಂದ್ರೆ ನೀನೇನಾ, ಎಂದಳು.

ಹದಿನಾರು, ಕಲಿಸಿದವನೇ ನಿಲ್ಲಿಸಲು ಬಂದ ಮೇಲೆ ಇನ್ನು ಪರೀಕ್ಷೆ ಬೇಕಿಲ್ಲ, ಆದರೂ ಓಡಲಿ, ಓಡುತ್ತಿರುವುದನ್ನು ಮುಟ್ಟಬಾರದು, ಅವನು ಉಜ್ಜಿಕೊಳ್ಳುತ್ತಿರುವ ಆ ಕೈಯಲ್ಲೇ ಈಗ ಅವಳಿಗೆ ಎಲ್ಲ ಕಾಣುತ್ತಿದೆ, ತಾನು ಹೆಚಿಯ ಗುಡ್ಡದಲ್ಲಿ ಕಳೆ ಕೀಳುತ್ತಿದ್ದ ನಾಲ್ಕು ದಿನ, ಇಲ್ಲಿ ಇದೇ ಸ್ಟೂಲಿನ ಮೇಲೆ ಓಯಾಂಗ್, ಕನ್ನಡಕ ಮೂಗಿನ ತುದಿಗೆ, ರಟ್ಟಿನ ಪೆಟ್ಟಿಗೆ ಮೇಜಿನ ಮೇಲೆ, ಸಿಡಿಲುಗಳೆಲ್ಲ ಸಾಲಾಗಿ, ಪುಟ್ಟ ಕುಂಚ ಅವಳ ಬಾಟಲಿಗೆ ಅದ್ದಿ ಒಂದೊಂದಕ್ಕೆ ಒಂದು ಚುಕ್ಕೆ, ಆಮೇಲೆ ಬಗ್ಗಿ ತುಟಿ ದುಂಡಗೆ ಮಾಡಿ ಊದುತ್ತಾನೆ, ಬಣ್ಣ ಒಣಗಲೆಂದು, ಮೆಲ್ಲಗೆ, ಬಿಸಿ ಟೀಗೆ ಊದುವ ಹಾಗೆ. ಹದಿನೇಳು. ಆ ಪೆಟ್ಟಿಗೆಯ ಸಿಡಿಲುಗಳೆಲ್ಲ ಎಲ್ಲೆಲ್ಲಿ ಹೋದವು, ಯಾವ ಯಾವ ಮನೆಯಲ್ಲಿ ಯಾರು ತಮ್ಮದೇ ತಪ್ಪೆಂದು ಬೋರ್ಡು ಬದಲಿಸಿದರು, ತಂತಿ ಬದಲಿಸಿದರು, ಚುಕ್ಕೆಯನ್ನು ಮಾತ್ರ ಅನುಮಾನಿಸದೆ, ಅವನು ಊದುತ್ತಾನೆ, ಅವಳು ಅಮ್ಮನ ಸಮಾಧಿಗೆ ಊದುಬತ್ತಿ ಹಚ್ಚುತ್ತಾಳೆ, ಅವನು ಊದುತ್ತಾನೆ, ಹಿಂತಿರುಗಿ ಬಂದಾಗ ಊರಿನ ಜೇನು ಕೊಟ್ಟಿದ್ದಳು, ಬೆರಳಲ್ಲಿ ನೆಕ್ಕಿ ಏನು ಘಮ ಎಂದಿದ್ದ, ಅದೇ ತುಟಿ. ಏಳನೆಯ ಪಟ್ಟಿ ಕೆಂಪಾಯಿತು. ಹದಿನೆಂಟನೆಯ ನಿಮಿಷ, ನಾಲ್ಕನೆಯ ಸೆಕೆಂಡು, ಉಳಿದ ಹನ್ನೊಂದು ಹಸಿರಾಗಿಯೇ ಓಡುತ್ತಿದ್ದವು, ಏನೂ ಗೊತ್ತಿಲ್ಲದವರ ಹಾಗೆ, ಆಮೇಲೆ ಪರದೆ ಪೂರ್ತಿ ನೀಲಿಯಾಯಿತು. ನೋಡಿದ್ಯಾ, ಎಂದಳು ಶಾವೊ, ಗೆದ್ದವಳಂತೆ, ನಾನು ಹೇಳ್ಲಿಲ್ವಾ. ಗುಯ್‌ಫೆನ್ ಅವಳ ಕಡೆ ತಿರುಗಿ, ಆಫೆನ್ ನಾನೇ ಅಕ್ಕ, ಎಂದಳು, ಈ ಚುಕ್ಕೆ ನಾನು ಇಟ್ಟಿದ್ದಲ್ಲ, ಇದು ಬಿಸಾಕಿದ ಮಾಲು, ನಾನೇ ಬಿಸಾಕಿದ್ದೆ, ಗ್ರೂಪಲ್ಲಿ ಹಾಕಿ, ಚಿಂಗ್‌ಮಿಂಗ್ ಆದ್ಮೇಲೆ ತಗೊಂಡಿರೋರೆಲ್ಲ ಮತ್ತೆ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಹಾಕಿ, ನಾನು ಹೇಳಿದೆ ಅಂತಲೇ ಹಾಕಿ. ಶಾವೊ ಇಬ್ಬರನ್ನೂ ನೋಡಿದಳು, ಡಬ್ಬಿ ಎದೆಗೆ ಒತ್ತಿಕೊಂಡಳು. ಓಯಾಂಗ್ ಗಿರಾಕಿಗೆ ಕೇಳಿಸದಷ್ಟು ಹತ್ತಿರ ಬಂದ, ಬಿಸಾಕಿದ್ದಂತೆ, ಹಗ್ಗ ಬಿಚ್ಚದೆ ಓಡಿಸಿದ್ರೆ ಅವೆಲ್ಲ ಹತ್ತು ವರ್ಷ ಓಡ್ತವೆ ಗೊತ್ತಾ, ಆಸೆಬುರುಕರು ಜನ, ನಾನೇನ್ಮಾಡ್ಲಿ, ನೀನು ನಾಲ್ಕು ದಿನ ಇರ್ಲಿಲ್ಲ, ಬಂದೋರೆಲ್ಲ ಚುಕ್ಕೆ ಚುಕ್ಕೆ ಅಂತಿದ್ರು, ಮೂವತ್ತು ವರ್ಷದಿಂದ ಈ ಬಜಾರಲ್ಲಿ ಕೂತಿರೋ ನನ್ನ ಮುಖ ಒಬ್ಬ ನೋಡ್ಲಿಲ್ಲ, ನಾನು ಕೊಟ್ರೆ ತಗೊಳ್ಳಲ್ಲ, ನಿನ್ನ ಉಗುರುಬಣ್ಣ ಕೊಟ್ರೆ ತಗೊಳ್ತಾರೆ, ಹೇಳು, ಅದು ಯಾರ ತಪ್ಪು. ಅವನು ಹೇಳುತ್ತಿರುವುದರಲ್ಲಿ ನಿಜವೂ ಇದೆ, ಅವನು ಹೊಟ್ಟೆಕಿಚ್ಚು ಪಟ್ಟಿದ್ದಾನೆ, ತಾನೇ ತಯಾರು ಮಾಡಿದ ಹುಡುಗಿಯ ಮೇಲೆ, ಪಡಲಿ, ಬೈಯಬಹುದಿತ್ತು, ಕೆಲಸದಿಂದ ಓಡಿಸಬಹುದಿತ್ತು, ಬಾಟಲಿ ಒಡೆದು ಹಾಕಬಹುದಿತ್ತು, ಅದು ಬಿಟ್ಟು ಕೂತು, ಬಗ್ಗಿ, ಊದಿದ. ಓಯಾಂಗನ ದನಿ ಮೆತ್ತಗಾಯಿತು, ಆಯ್ತು ಮಗಳೇ, ಕೇಳಿಲ್ಲಿ, ನಾಳೆನೇ ಅಂಗಡಿ ಮೇಲಿನ ಬೋರ್ಡ್ ಬರೆಯೋನ್ನ ಕರೆಸ್ತೀನಿ, ಅಂಗಡಿ ಇಬ್ರದೂ, ಅರ್ಧಕ್ಕರ್ಧ, ನಿನ್ನ ಹೆಸ್ರು ಮೇಲೆ, ನನ್ನದು ಕೆಳಗೆ, ದೊಡ್ಡ ಅಕ್ಷರದಲ್ಲಿ, ಆಚೆ ಎಸ್ಕಲೇಟರಿಂದ್ಲೇ ಕಾಣೋ ಹಾಗೆ, ಚೆಲುವೆಗೆ ಒಂದು ಮಾತು ಹೇಳು, ಬಾಯಿ ತಪ್ಪಿ ಬಂತು, ಚುಕ್ಕೆ ನಂದೇ ಅಂತ, ಅಷ್ಟೇ. ಎಸ್ಕಲೇಟರಿನಿಂದ ಕಾಣುವ ಹಾಗೆ, ದೊಡ್ಡ ಅಕ್ಷರದಲ್ಲಿ, ಒಂದು ವರ್ಷದ ಹಿಂದೆ ಹೇಳಿದ್ದರೆ ಅತ್ತುಬಿಡುತ್ತಿದ್ದಳೇನೋ, ಈಗ ಅವನ ತುಟಿ ಮಾತ್ರ ಕಾಣುತ್ತಿದೆ, ದುಂಡಗಾಗಿ, ಊದುತ್ತ, ಇನ್ನೂ ಊದುತ್ತ. ಏನಂತೀಯಾ, ಎಂದ ಅವನು.

ಬೇಡ, ಎಂದಳು ಗುಯ್‌ಫೆನ್.